ಡಾಕ್ಟರು ಮರ ಕೇಳಿದ ಭಾನುವಾರ

ನಮ್ಮ ಬೀದಿಯ ಕಣ್ಣು ಡಾಕ್ಟರ ನೋಟದ ಬಗ್ಗೆ ಮಾತಾಡುವಾಗ ಜನ ದನಿ ತಗ್ಗಿಸುತ್ತಿದ್ದರು. ಅವರು ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಸಾಕು, ಮನುಷ್ಯನ ಹೊಟ್ಟೆಯೊಳಗೆ ಬಚ್ಚಿಟ್ಟದ್ದೆಲ್ಲ ಹೊರಗೆ ಬಂದು ಸಾಲಾಗಿ ನಿಲ್ಲುತ್ತಿತ್ತಂತೆ. ಒಮ್ಮೆ ಬೀದಿನಾಯಿಯೊಂದನ್ನು ಹಾಗೆ ನೋಡಿದಾಗ, ಅದು ಕಚ್ಚಿಕೊಂಡು ಹೋಗಿದ್ದ ಚಪ್ಪಲಿಯನ್ನು ತಾನೇ ತಂದು ಬಾಗಿಲಲ್ಲಿಟ್ಟಿತು ಎನ್ನುವವರಿದ್ದಾರೆ. ಜೋಡಿಯ ಇನ್ನೊಂದನ್ನೂ ತಂದಿತು ಎನ್ನುವವರು ಸ್ವಲ್ಪ ಕಡಿಮೆ.

ಡಾಕ್ಟರು ನಿಜವಾಗಿ ಡಾಕ್ಟರಲ್ಲ, ಕನ್ನಡಕದ ಅಂಗಡಿಯವರು. ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಓದಿಸಿ, ಮೂಗಿನ ಮೇಲೆ ಗಾಜು ಬದಲಾಯಿಸುತ್ತ ಈಗ ಹೇಗೆ, ಈಗ ಹೇಗೆ ಎಂದು ಕೇಳಿ ನಂಬರು ಬರೆಯುವುದು ಅವರ ಕೆಲಸ. ಆ ನಂಬರಿನ ಗಾಜನ್ನು ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವರ ಹೆಂಡತಿಯ ಕೆಲಸ. ಡಾಕ್ಟರು ಮುಂದಿನ ಕೋಣೆಯಲ್ಲಿ, ಆಕೆ ಹಿಂದಿನ ಕೋಣೆಯಲ್ಲಿ. ನಡುವೆ ಪ್ಲೈವುಡ್ ಗೋಡೆ, ಅದರಲ್ಲಿ ನಂಬರಿನ ಚೀಟಿ ದಾಟಿಸಲು ಅಂಗೈ ಅಗಲದ ಕಿಂಡಿ. ವಾರದಲ್ಲಿ ಆರು ದಿನ ಗಂಡನಿಗೆ ಹೆಂಡತಿಯ, ಹೆಂಡತಿಗೆ ಗಂಡನ ಬೆರಳುಗಳಷ್ಟೇ ಕಾಣುತ್ತಿದ್ದವು.

ಆಟದ ಡಬ್ಬಿಯನ್ನು ಹನ್ನೊಂದು ವರ್ಷದ ಹಿಂದೆ ತಂದವರು ಆಕೆಯೇ. ಭಾನುವಾರವಾದರೂ ಈ ಮನುಷ್ಯ ನನ್ನೆದುರು ಕೂರಲಿ, ನನ್ನ ಮುಖ ನೋಡಿ ನಾಲ್ಕು ಮಾತಾಡಲಿ ಎಂಬುದಷ್ಟೇ ಆಕೆಯ ಆಸೆ. ಡಬ್ಬಿಯ ಹಿಂಬದಿಯಲ್ಲಿ, ಮಾತುಕತೆಯಿಲ್ಲದೆ ಈ ಆಟ ಮುಂದೆ ಹೋಗುವುದಿಲ್ಲ ಎಂದು ಬರೆದಿತ್ತು. ಅದನ್ನು ನಂಬಿ ಕೊಂಡರು.

ಆಟ ಕಷ್ಟದ್ದೇನಲ್ಲ. ಆರು ಮೂಲೆಯ ಬಿಲ್ಲೆಗಳನ್ನು ಜೋಡಿಸಿದರೆ ಒಂದು ದ್ವೀಪವಾಗುತ್ತದೆ. ದಾಳ ಬಿದ್ದಂತೆ ಕಾಡಿನಿಂದ ಮರ, ಗುಡ್ಡದಿಂದ ಇಟ್ಟಿಗೆ, ಹೊಲದಿಂದ ಗೋಧಿ, ಹುಲ್ಲುಗಾವಲಿನಿಂದ ಉಣ್ಣೆ, ಬೆಟ್ಟದಿಂದ ಕಲ್ಲು ಬರುತ್ತವೆ. ಮರಕ್ಕೆ ಹಸಿರು ಕಾರ್ಡು, ಇಟ್ಟಿಗೆಗೆ ಕೆಂಪು, ಹೀಗೆ ಒಂದೊಂದಕ್ಕೆ ಒಂದೊಂದು ಬಣ್ಣ. ತನ್ನಲ್ಲಿಲ್ಲದ್ದನ್ನು ಇನ್ನೊಬ್ಬರಿಂದ ಕೊಟ್ಟು ತೆಗೆದುಕೊಂಡು ರಸ್ತೆ ಎಳೆಯಬೇಕು, ಊರು ಕಟ್ಟಬೇಕು. ಮೊದಲು ಹತ್ತು ಅಂಕ ಮುಟ್ಟಿದವರೇ ದ್ವೀಪದ ದೊರೆ.

ನಾಲ್ವರ ಆಟ ಅದು. ಗಂಡ ಹೆಂಡತಿಯ ಜೊತೆಗೆ ಮೇಷ್ಟ್ರು, ಮತ್ತು ಆಕೆಯ ತಮ್ಮ. ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಖಂಡಗಳನ್ನೆಲ್ಲ ಕೋಲಿನ ತುದಿಯಲ್ಲಿ ಕುಣಿಸಿದ ಅವರಿಗೆ ಈ ಪುಟಾಣಿ ದ್ವೀಪದಲ್ಲಿ ಮೂರನೆಯ ಊರು ಕಟ್ಟಲು ಆಗುತ್ತಿರಲಿಲ್ಲ. ಆಕೆಯ ತಮ್ಮನದು ಲಿಫ್ಟ್ ರಿಪೇರಿ ಕೆಲಸ. ಊರಿನವರನ್ನೆಲ್ಲ ಮೇಲಕ್ಕೆತ್ತುವ ಅವನು ಇಲ್ಲಿ ಮಾತ್ರ ನೆಲಮಹಡಿ ಬಿಟ್ಟು ಕದಲಿದವನಲ್ಲ. ಇಬ್ಬರ ಮೂಗಿನ ಮೇಲೂ ಡಾಕ್ಟರ ಅಂಗಡಿಯ ದಪ್ಪ ಗಾಜಿನ ಕನ್ನಡಕ.

ಪ್ರತಿ ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಗಾಜು ಪರೀಕ್ಷಿಸುವ ದೀಪವನ್ನು ಮೇಜಿನ ಮೇಲೆ ತಗ್ಗಿಸಿ ಕಟ್ಟಲಾಗುತ್ತಿತ್ತು. ಡಾಕ್ಟರು ಮೊಣಕೈ ಊರಿ, ಗಲ್ಲ ಮುಂದೆ ಚಾಚಿ, ಆ ಪ್ರಸಿದ್ಧ ನೋಟವನ್ನು ಬೀರುತ್ತಿದ್ದರು. ಮೇಷ್ಟ್ರೇ, ನಿಮ್ಮಲ್ಲಿ ಎರಡು ಇಟ್ಟಿಗೆ ಇದೆ, ಒಂದು ಕೊಡಿ ಎನ್ನುತ್ತಿದ್ದರು. ಸರಿಯಾಗಿ ಎರಡೇ ಇರುತ್ತಿತ್ತು. ಮೇಷ್ಟ್ರು ಬೆವರುತ್ತ ಕೊಡುತ್ತಿದ್ದರು. ಮನಸ್ಸಿನಲ್ಲಿರುವುದು ಕಾಣಬಾರದೆಂದು ಅವರು ಆಟದುದ್ದಕ್ಕೂ ಒಳಗೊಳಗೇ ನದಿಗಳ ಹೆಸರನ್ನು ಪಠಿಸುತ್ತ ಕೂರತೊಡಗಿದರು. ತಮ್ಮನಂತೂ ಒಂದು ಭಾನುವಾರ ಆ ನೋಟ ತಾಳಲಾರದೆ, ಹೇಗಿದ್ದರೂ ನಿಮಗೆ ಗೊತ್ತಿರುತ್ತದೆ ಭಾವ ಎಂದು, ಅವರ ಹೊಸ ಸ್ಕೂಟರನ್ನು ಗೋಡೆಗೆ ಗುದ್ದಿಸಿದ್ದು ತಾನೇ ಎಂದು ಒಪ್ಪಿಕೊಂಡುಬಿಟ್ಟ. ಡಾಕ್ಟರು ಕಣ್ಣು ಮಿಟುಕಿಸದೆ, ಗೊತ್ತಿತ್ತು ಎಂದರು.

ಹೆಂಡತಿಯ ಜೊತೆ ಮಾತ್ರ ಡಾಕ್ಟರು ಯಾವತ್ತೂ ವ್ಯಾಪಾರ ಮಾಡಲಿಲ್ಲ. ಮನೆಯೊಳಗೆ ವ್ಯಾಪಾರ ಬೇಡ ಎನ್ನುತ್ತಿದ್ದರು. ಗಂಡ ಹೆಂಡತಿ ಒಳಗೊಳಗೇ ಒಂದಾಗಿ ಉಳಿದವರಿಗೆ ನಾಮ ಹಾಕಬಾರದು ಎಂಬ ಈ ನಿಷ್ಠೆಯನ್ನು ಕಂಡು ಮೇಷ್ಟ್ರು ಕನ್ನಡಕ ಸರಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆಕೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು, ಬೇರೆ ಕಾರಣಕ್ಕೆ. ಮೇಜಿನ ಆಚೆ ಬದಿಯಲ್ಲಿ ಗಂಡ ಕೂತಿದ್ದರು, ಸರಿ. ಅವರ ನೋಟ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು, ಎದುರಿಗೆ ಬರುತ್ತಿರಲಿಲ್ಲ.

ಗುಟ್ಟು ಬಯಲಾದದ್ದು ಮೇಷ್ಟ್ರ ಮರೆವಿನಿಂದ. ಒಂದು ಭಾನುವಾರ ಅವರು ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು, ಕಂಬಗಳಿಗೆ ನಮಸ್ಕಾರ ಹೇಳುತ್ತ ಮನೆಗೆ ಹೋದರು. ಕಾರ್ಡುಗಳನ್ನು ಎತ್ತಿಡುತ್ತಿದ್ದ ಆಕೆ ಹುಡುಗಾಟಕ್ಕೆ ಆ ಕನ್ನಡಕ ಮೂಗಿಗೇರಿಸಿ, ದೀಪದ ಕೆಳಗೆ ನಿಂತು, ತಮ್ಮ ಮುಖ ಹೇಗೆ ಕಾಣುತ್ತದೋ ಎಂದು ಅಲ್ಲಿದ್ದ ಕೈಗನ್ನಡಿಯತ್ತ ಬಗ್ಗಿದರು. ಎರಡೂ ಗಾಜುಗಳಲ್ಲಿ ಪುಟ್ಟ ಪುಟ್ಟ ಚೌಕಗಳು ತೇಲುತ್ತಿದ್ದವು. ಎರಡು ಕೆಂಪು, ಒಂದು ಹಳದಿ. ಕೈಯಲ್ಲಿದ್ದ ಕಾರ್ಡು ನೋಡಿಕೊಂಡರು: ಎರಡು ಇಟ್ಟಿಗೆ, ಒಂದು ಗೋಧಿ.

ಇಷ್ಟು ವರ್ಷ ಡಾಕ್ಟರು ಯಾರ ಕಣ್ಣನ್ನೂ ನೋಡಿರಲಿಲ್ಲ. ಅವರು ನೋಡುತ್ತಿದ್ದದ್ದು ತಮ್ಮದೇ ಅಂಗಡಿಯ ಮಾಲನ್ನು.

ಆಕೆ ಕೂಗಾಡಲಿಲ್ಲ. ಗುರುವಾರ ಗಂಡ ಸಾಮಾನು ತರಲು ಹೋದಾಗ, ಸ್ಕ್ರೂ ಸಡಿಲವಾಗಿದೆ, ಬನ್ನಿ ಎಂದು ಇಬ್ಬರನ್ನೂ ಕರೆಸಿದರು. ಹಳೆಯ ಫ್ರೇಮುಗಳಿಗೆ ಅದೇ ನಂಬರಿನ ಆ್ಯಂಟಿಗ್ಲೇರ್ ಗಾಜು ಕೂರಿಸಿ ಕಳಿಸಿದರು. ಈ ಗಾಜಿನ ಮೇಲೆ ಎದುರಿನ ವಸ್ತುವಿನ ಬಿಂಬ ಮೂಡುವುದಿಲ್ಲ. ದೀಪದ ಕೆಳಗೆ ತೆಳ್ಳನೆಯ ಹಸಿರು ಹೊಳಪೊಂದು ಓಡಾಡುತ್ತದೆ, ಅಷ್ಟೆ. ಮೇಷ್ಟ್ರು ಹಿಂದೆ ಎಷ್ಟೋ ಸಲ ಆ ಗಾಜು ಕೇಳಿದ್ದರು. ಅದೆಲ್ಲ ದಿನವಿಡೀ ಕಂಪ್ಯೂಟರ್ ನೋಡುವವರಿಗೆ, ನಿಮಗ್ಯಾಕೆ ಸುಮ್ಮನೆ ಖರ್ಚು ಎಂದು ಡಾಕ್ಟರು ತಳ್ಳಿಹಾಕಿದ್ದರು. ಇಂಥ ಪ್ರಾಮಾಣಿಕ ವ್ಯಾಪಾರಿ ಎಲ್ಲಿ ಸಿಗುತ್ತಾನೆ ಎಂದು ಮೇಷ್ಟ್ರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆಕೆಯ ಲೆಕ್ಕಾಚಾರ ಸರಳವಾಗಿತ್ತು. ಎಡಬಲದಲ್ಲಿ ಏನೂ ಕಾಣದಿದ್ದರೆ ಆ ನೋಟ ಒಂದಲ್ಲ ಒಂದು ಸಲ ಎದುರಿಗೆ ಬರಲೇಬೇಕು.

ಭಾನುವಾರ ಬಂತು. ಹಿಂದಿನ ಅಭ್ಯಾಸಬಲದಿಂದಲೋ ದಾಳದ ದಯೆಯಿಂದಲೋ ಡಾಕ್ಟರು ಒಂಬತ್ತು ಅಂಕದವರೆಗೆ ನಡೆದುಬಂದರು. ಕೈಯಲ್ಲಿ ಇಟ್ಟಿಗೆ, ಗೋಧಿ, ಉಣ್ಣೆ, ಮೇಲೆ ಮೂರು ಕಲ್ಲು. ಒಂದೇ ಒಂದು ಮರ ಸಿಕ್ಕರೆ ಊರು, ಊರಾದರೆ ಹತ್ತು. ಮೊಣಕೈ ಊರಿದರು. ಮೇಷ್ಟ್ರನ್ನು ನೋಡಿದರು: ಹಸಿರು. ಭಾಮೈದನನ್ನು ನೋಡಿದರು: ಹಸಿರು. ಎರಡು ಮೂಗಿನ ಮೇಲೆ ನಾಲ್ಕು ದಟ್ಟ ಕಾಡು. ದಿನಕ್ಕೆ ಹತ್ತು ಗಿರಾಕಿಗಳಿಗೆ ಇದೇ ಹಸಿರು ಹೊಳಪನ್ನು ಓರೆಯಾಗಿ ಹಿಡಿದು ತೋರಿಸುವ ಮನುಷ್ಯ, ಗೆಲುವಿನ ಹೊಸ್ತಿಲಲ್ಲಿ ನಿಂತು ಅದನ್ನು ಮರವೆಂದೇ ನಂಬಿದರು.

"ಮೇಷ್ಟ್ರೇ, ಒಂದು ಮರ ಕೊಡಿ. ಕಲ್ಲು ಕೊಡ್ತೀನಿ."

"ಇಲ್ವಲ್ಲ ಡಾಕ್ಟ್ರೇ."

ಭಾಮೈದನೂ ತಲೆಯಾಡಿಸಿದ. ಡಾಕ್ಟರು ಎರಡು ಕಲ್ಲಿಗೆ ಏರಿದರು, ಆಮೇಲೆ ಮೂರಕ್ಕೂ ಏರಿದರು. ಇಬ್ಬರೂ ಇಲ್ಲವೆಂದರು. ಹಸಿರು ಮಿನುಗುತ್ತಲೇ ಇತ್ತು.

ಆಗ ಆಕೆ ತಮ್ಮ ಕೈಯಿಂದ ಒಂದು ಕಾರ್ಡು ತೆಗೆದು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು.

"ನನ್ನ ಹತ್ರ ಮರ ಇದೆ ರೀ. ಒಂದೇ ಕಲ್ಲು ಕೊಡಿ, ಸಾಕು."

"ಮನೆಯೊಳಗೆ ವ್ಯಾಪಾರ ಬೇಡ ಅಂದಿದ್ದೀನಲ್ಲ," ಎಂದರು ಡಾಕ್ಟರು, ಕತ್ತು ಕೂಡ ತಿರುಗಿಸದೆ. ಅವರು ಬೇರೆಯೇ ದುಃಖದಲ್ಲಿದ್ದರು. ಕೈತುಂಬ ಮರ ಇಟ್ಟುಕೊಂಡು ಕಣ್ಣೆದುರೇ ಸುಳ್ಳು ಹೇಳುವುದೇ? ಅದೂ ಯಾರು? ತಾವು ಕಣ್ಣು ಕೊಟ್ಟವರು. ಪುಕ್ಕಟೆಯಾಗಿ ಸ್ಕ್ರೂ ಬಿಗಿದುಕೊಟ್ಟದ್ದು, ಮೂಗಿನ ಮೆತ್ತೆ ಸವೆದಾಗ ಹೊಸದು ಹಾಕಿಕೊಟ್ಟದ್ದು, ಎಲ್ಲವನ್ನೂ ಎತ್ತಿ ಆಡಿದರು. ನಂಬಿದವರೇ ಬೆನ್ನಿಗೆ ಚೂರಿ ಹಾಕಿದರು ಎಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಮೇಷ್ಟ್ರು ತಮ್ಮ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಮೂರು ಗೋಧಿ, ಒಂದು ಉಣ್ಣೆ. ಭಾಮೈದನೂ ಹರಡಿದ. ಎರಡು ಇಟ್ಟಿಗೆ.

"ನಮ್ಮ ಕೈಯಲ್ಲಿ ಮರ ಇದೆ ಅಂತ ನಿಮಗೆ ಹೇಳಿದ್ಯಾರು?" ಎಂದರು ಮೇಷ್ಟ್ರು.

"ಯಾರು ಹೇಳ್ಬೇಕು? ಕಾಣ್ತಾ ಇದೆಯಲ್ಲ."

"ಎಲ್ಲಿ?"

ಡಾಕ್ಟರ ಬೆರಳು ತಾನಾಗಿಯೇ ಎದ್ದು ಮೇಷ್ಟ್ರ ಮೂಗಿನವರೆಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ತಾನೆಲ್ಲಿಗೆ ಬಂದೆನೆಂದು ಅದಕ್ಕೆ ಗೊತ್ತಾಯಿತು. ವಾಪಸು ಬರಲು ದಾರಿಯಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಚಂದ್ರನ ಬೆಳಕು ಚಂದ್ರನದಲ್ಲ ಎಂದು ಮೂವತ್ತು ವರ್ಷ ಪಾಠ ಮಾಡಿದವರಿಗೆ ಉಳಿದದ್ದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುರುವಾರದ ಸ್ಕ್ರೂ ಕಥೆಯನ್ನು ಆಕೆ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ಮೇಜಿನ ಸುತ್ತ ಯಾರು ಹೆಚ್ಚು ಮೋಸಹೋದವರು ಎಂಬ ಬಗ್ಗೆ ಪೈಪೋಟಿಯೇ ಶುರುವಾಯಿತು. ಐನೂರೆಪ್ಪತ್ತು ಭಾನುವಾರ ನಾನು ಸುಮ್ಮನೆ ನದಿಗಳ ಹೆಸರು ಹೇಳಿಕೊಂಡು ಕೂತಿದ್ದೆನೇ ಎಂದರು ಮೇಷ್ಟ್ರು. ಭಾಮೈದನ ಮುಖ ಇನ್ನೂ ಕಳೆಗುಂದಿತ್ತು.

"ಹಾಗಾದ್ರೆ ಸ್ಕೂಟರ್ ವಿಷಯ ನಿಮಗೆ ಗೊತ್ತಿರ್ಲಿಲ್ವಾ ಭಾವ?"

"ನೀನು ಹೇಳೋವರೆಗೂ ಇಲ್ಲ," ಎಂದರು ಡಾಕ್ಟರು.

ಇಷ್ಟಾದರೂ ಅವರ ಪ್ರಕಾರ ಎಲ್ಲರಿಗಿಂತ ದೊಡ್ಡ ದ್ರೋಹ ಆದದ್ದು ಅವರಿಗೇ. ನನ್ನದೇ ಅಂಗಡಿ, ನನ್ನದೇ ಹಿಂದಿನ ಕೋಣೆ, ನನ್ನದೇ ಗಾಜು, ಅದನ್ನು ಕೂರಿಸಿದ್ದು ನನ್ನದೇ ಹೆಂಡತಿ ಎಂದು ಬೆರಳು ಮಡಚಿ ಎಣಿಸಿದರು. ಎಣಿಸಿ ಮುಗಿಯುವವರೆಗೆ ಆಕೆ ಕಾದರು. ಮರದ ಕಾರ್ಡು ಇಟ್ಟಲ್ಲೇ ಇತ್ತು.

"ಅವರಿಬ್ಬರ ವಿಷಯ ಬಿಡಿ, ಅರ್ಥ ಆಯ್ತು," ಎಂದರು ಆಕೆ. "ಈ ಡಬ್ಬಿ ತಂದಿದ್ದು ನಾನು. ಇಷ್ಟು ವರ್ಷ ನಿಮ್ಮ ಎದುರಿಗೇ ಕೂತಿದ್ದೀನಿ. ಈಗ ತಾನೇ ಮರ ತೆಗೆದು ಮುಂದೆ ಇಟ್ಟೆ, ಆಗಲೂ ನೋಡ್ಲಿಲ್ಲ. ನನ್ನ ಮುಖ ಒಂದು ಸಲನಾದ್ರೂ ನೋಡ್ಬೇಕು ಅಂತ ನಿಮಗೆ ಯಾಕೆ ಅನ್ನಿಸ್ಲಿಲ್ಲ?"

ಮೇಷ್ಟ್ರು ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡರು. ಭಾಮೈದ ದಾಳಗಳನ್ನು ಮುಷ್ಟಿಯಲ್ಲಿ ಹಿಡಿದು ಸದ್ದಾಗದಂತೆ ಕೂತ. ಡಾಕ್ಟರ ಆ ಪ್ರಸಿದ್ಧ ನೋಟ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ಎಲ್ಲಿಯೂ ನಿಲ್ಲಲಾಗದೆ ಕೊನೆಗೆ ಎದುರಿಗೆ ಬಂತು. ಅಲ್ಲಿ ಗಾಜಿರಲಿಲ್ಲ, ಫ್ರೇಮಿರಲಿಲ್ಲ, ಯಾವ ಬಣ್ಣದ ಚೌಕವೂ ತೇಲುತ್ತಿರಲಿಲ್ಲ. ಎರಡು ಕಣ್ಣುಗಳಿದ್ದವು, ಸ್ವಲ್ಪ ಕೆಂಪಾಗಿದ್ದವು, ಉತ್ತರಕ್ಕೆ ಕಾಯುತ್ತಿದ್ದವು. ಡಾಕ್ಟರು ಬಹಳ ಹೊತ್ತು ನೋಡಿದರು. ಏನು ಓದಬೇಕೋ ಅವರಿಗೆ ಗೊತ್ತಾಗಲಿಲ್ಲ.

"ನೀನು ಕನ್ನಡಕ ಹಾಕಲ್ವಲ್ಲ," ಎಂದರು.