ಹಳೇ ಪೇಪರಿನ ಪೆದ್ದಮ್ಮ

ಪೆದ್ದಮ್ಮನ ಬಲಗೈ ಹೆಬ್ಬೆರಳು ಪೇಪರಿನ ಮಸಿಯಿಂದ ಸದಾ ಕಪ್ಪಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಮೈದಾ ಅಂಟು ಒಣಗಿ ಬೆಳ್ಳಗೆ ಕೂತಿರುತ್ತಿತ್ತು. ಎಷ್ಟು ತೊಳೆದರೂ ಎರಡೂ ಹೋಗುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ನೆಂಟರೇನಲ್ಲ, ಆದರೂ ದೊಡ್ಡಮ್ಮ ಎನ್ನುವ ಬದಲು, ನಮ್ಮ ಕಡೆಯ ತೆಲುಗಿನ ರೂಢಿಯಂತೆ, ಪೆದ್ದಮ್ಮ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹಳೇ ಪೇಪರಿನ ಕವರು ಅಂಟಿಸಿ ದಿನಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಮಾವಿನ ಕಾಲದಲ್ಲಿ ಮಂಡಿಯವರು ಪೆಟ್ಟಿಗೆಗೆ ಹಾಸಲು ಅವರಿಂದಲೇ ಪೇಪರು ಹೊತ್ತುಕೊಂಡು ಹೋಗುತ್ತಿದ್ದರು.

"ಓದ್ದೆ ಮಡಚಬಾರ್ದು ಕಣಮ್ಮ, ಯಾರೋ ಕಷ್ಟಪಟ್ಟು ಬರ್ದಿರ್ತಾರೆ" ಎನ್ನುತ್ತಿದ್ದರು. ಐದನೇ ಕ್ಲಾಸಿಗೆ ನಿಂತ ಓದು. ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸಿಕೊಂಡು ಓದುವರು. ಅವರಿಗೆ ತಿಳಿಯುವ ಸುದ್ದಿಯೆಲ್ಲ ಆರು ತಿಂಗಳು ಹಳೆಯದು. ಮಂತ್ರಿಯೊಬ್ಬ ರಾಜೀನಾಮೆ ಕೊಟ್ಟನೆಂದು ಬೀದಿಗೆಲ್ಲ ಹೇಳುವ ಹೊತ್ತಿಗೆ ಅವನು ಮತ್ತೆ ಮಂತ್ರಿಯಾಗಿರುತ್ತಿದ್ದ.

ನಾನು ಹುಟ್ಟಿದಾಗ ನನ್ನ ಮೇಲ್ತುಟಿ ಸೀಳಿತ್ತು. ನಮ್ಮೂರಲ್ಲಿ ಅದಕ್ಕೆ ಗ್ರಹಣಮೊರ್ರಿ ಎನ್ನುತ್ತಾರೆ. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಏನಾದರೂ ಕತ್ತರಿಸಿದರೆ ಮಗುವಿನ ತುಟಿ ಸೀಳುತ್ತದೆಂದು ನಂಬಿಕೆ. ಅಮ್ಮ ಆಗ ಪೆದ್ದಮ್ಮನ ಮನೆಗೆ ಪೇಪರು ಕತ್ತರಿಸಲು ಹೋಗುತ್ತಿದ್ದಳು. ಏಳು ತಿಂಗಳಿದ್ದಾಗ ಒಂದು ಸಂಜೆ, ಚಂದ್ರಗ್ರಹಣವೆಂಬುದು ಗೊತ್ತಿಲ್ಲದೆ, ಇಬ್ಬರೂ ಕೂತು ಒಂದು ಕಟ್ಟು ಪೂರ್ತಿ ಕತ್ತರಿಸಿದ್ದರಂತೆ.

ಕೋಲಾರದ ಆಸ್ಪತ್ರೆಯಲ್ಲಿ ನನ್ನ ತುಟಿಗೆ ಹೊಲಿಗೆ ಹಾಕಿಸಿದರು. ಒಂದು ಗೆರೆ ಉಳಿಯಿತು. ಅಪ್ಪನ ತಾಯಿ, ನನ್ನಜ್ಜಿಯ ಮಾತು ಮಾತ್ರ ನಿಲ್ಲಲಿಲ್ಲ. ಯಾರು ಬಂದರೂ ನನ್ನ ಗದ್ದ ಎತ್ತಿ, "ಇವರಮ್ಮ ಮಾಡಿರೋ ಕೆಲ್ಸ ನೋಡಿ" ಎಂದು ತೋರಿಸುವಳು. ಅಮ್ಮ ಅದನ್ನು ನಂಬಿಬಿಟ್ಟಿದ್ದಳು. ಮತ್ತೆ ಕತ್ತರಿ ಮುಟ್ಟಲಿಲ್ಲ. ನನ್ನ ಉಗುರನ್ನೂ ಅಪ್ಪನೇ ತೆಗೆಯಬೇಕಿತ್ತು. ಪೆದ್ದಮ್ಮನ ಮನೆಗೆ ಹೋಗುವುದನ್ನೂ ಬಿಟ್ಟಳು. ಪೆದ್ದಮ್ಮನೂ ನಮ್ಮ ಹೊಸಿಲು ತುಳಿಯಲಿಲ್ಲ. ಕತ್ತರಿ ಕೈಗೆ ಕೊಟ್ಟವಳು ತಾನೇ ಎಂಬ ಅಳುಕು ಅವರಿಗೆ. ಎರಡು ಮನೆಗೂ ಓಡಾಡುತ್ತಿದ್ದವಳು ನಾನೊಬ್ಬಳೇ.

ಆರನೇ ಕ್ಲಾಸಿನಲ್ಲಿದ್ದೆ. ಸ್ಕೂಲು ಮುಗಿಸಿ ಬಂದು ಅವರ ಜಗಲಿಯಲ್ಲಿ ಕವರು ಮಡಚುತ್ತಿದ್ದೆ. ಪೆದ್ದಮ್ಮ ಓದುತ್ತಿದ್ದ ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ನನ್ನ ಕೈಗೆ ಕೊಟ್ಟರು. ಓದುಗರ ಪ್ರಶ್ನೆಗೆ ಡಾಕ್ಟರೊಬ್ಬರು ಬರೆದ ಉತ್ತರ. ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲ, ಬಸಿರಿನ ಮೊದಲ ಎರಡು ತಿಂಗಳಲ್ಲೇ ತುಟಿ ಕೂಡಿಕೊಳ್ಳುತ್ತದೆ, ಆಗ ಕೂಡದಿದ್ದರೆ ಸೀಳು ಉಳಿಯುತ್ತದೆ ಎಂದಿತ್ತು.

"ಇಂಕೊಸಾರಿ ಚದುವಮ್ಮ" ಎಂದರು. ಗಾಬರಿಯಾದಾಗ ಅವರ ಬಾಯಿಗೆ ಬರುತ್ತಿದ್ದುದು ತೆಲುಗೇ. ನಾನು ಇನ್ನೊಂದು ಸಲ ಓದಿದೆ. ಅವರು ಎದ್ದು ಕೈ ತೊಳೆದುಕೊಂಡರು, ಸೆರಗು ಸರಿಮಾಡಿಕೊಂಡರು, ನನ್ನನ್ನು ಕರೆದುಕೊಂಡು ನೇರ ನಮ್ಮ ಮನೆಯೊಳಗೆ ನಡೆದರು. ಹನ್ನೊಂದು ವರ್ಷದ ಮೇಲೆ.

ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. "ಓದು" ಎಂದರು ಪೆದ್ದಮ್ಮ. ಓದಿದೆ.

"ಪೇಪರಲ್ಲಿ ಬರ್ದಿದ್ದೆಲ್ಲ ನಿಜಾನಾ?" ಎಂದಳು ಅಜ್ಜಿ.

"ಡಾಕ್ಟ್ರು ಬರ್ದಿದಾರೆ ಕಣತ್ತೆ. ಗ್ರಹಣದ ದಿನ ಇವಳಿಗೆ ಏಳು ತಿಂಗ್ಳು. ನೀವೇ ಎಣಿಸಿ ನೋಡಿ."

ಅಜ್ಜಿ ಎಣಿಸಲಿಲ್ಲ. ಎಣಿಸಿದವಳು ಅಮ್ಮ. ಹಿಟ್ಟು ಮೆತ್ತಿದ ಬೆರಳುಗಳನ್ನು ಮಡಚುತ್ತ ಏಳರವರೆಗೆ ಬಂದಳು. ಮತ್ತೆ ಮೊದಲಿಂದ ಶುರುಮಾಡಿ ಎರಡಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಂಗಾದ್ರೆ ನಾನಲ್ವಾ ಅಕ್ಕ?"

"ನೀನೂ ಅಲ್ಲ, ನಾನೂ ಅಲ್ಲ ಕಣೇ."

ಅಮ್ಮ ಹಿಟ್ಟಿನ ಕೈಯಲ್ಲೇ ಅವರ ತೋಳು ಹಿಡಿದುಕೊಂಡು ಅತ್ತಳು. ಅಜ್ಜಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನೆಂಟರ ಮುಂದೆ ನನ್ನ ಗದ್ದ ಎತ್ತುವುದು ಅಂದಿಗೆ ನಿಂತಿತು.

ಪ್ಲಾಸ್ಟಿಕ್ ಕವರು ಬಂದು ಪೆದ್ದಮ್ಮನ ಕೆಲಸ ಕಿತ್ತುಕೊಂಡಿತು. ಪ್ಲಾಸ್ಟಿಕ್ ನಿಷೇಧವಾದಾಗ ಅಂಗಡಿಯವರು ಮತ್ತೆ ಹುಡುಕಿಕೊಂಡು ಬಂದರು. ಅಷ್ಟು ಹೊತ್ತಿಗೆ ಮನೆಗಳಲ್ಲಿ ಪೇಪರು ತರಿಸುವುದೇ ಕಡಿಮೆಯಾಗಿತ್ತು. "ಫೋನಲ್ಲಿ ಓದಿದ ಸುದ್ದಿ ಹಳೇದಾದ್ರೆ ಎಲ್ಲಿಗೆ ಹೋಗ್ತದಮ್ಮ?" ಎಂದು ಪೆದ್ದಮ್ಮ ನನ್ನನ್ನು ಕೇಳಿದರು.

ನಾನು ಮುಳಬಾಗಿಲಿನಲ್ಲಿ ವಿಜ್ಞಾನದ ಟೀಚರಾದೆ. ಆರು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಾಗ ಚಂದ್ರಗ್ರಹಣ ಬಂತು. ಅಂದು ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಮಹಡಿಗೆ ಹೊರಟವಳನ್ನು ಪೆದ್ದಮ್ಮ ಮೆಟ್ಟಿಲ ಹತ್ತಿರ ತಡೆದರು.

"ಒಳಗಿರು ತಲ್ಲಿ."

"ನೀವೇ ಅಲ್ವಾ ಪೆದ್ದಮ್ಮ ನನ್ನ ಕೈಲಿ ಓದ್ಸಿದ್ದು?"

"ಓದ್ಸಿದ್ದೇನೋ ನಿಜ. ಆದ್ರೂ ಭಯ ಆಗ್ತದೆ ಕಣೇ."

ನಾನು ಕೇಳಲಿಲ್ಲ. ಅವರೂ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ನೀನು ನೋಡು, ನಾನು ಮುಂದೆ ನಿಂತಿರ್ತೀನಿ" ಎಂದು ನನ್ನ ಹೊಟ್ಟೆಗೆ ಅಡ್ಡ ನಿಂತರು. ಅವರ ನರೆಗೂದಲಿನ ಮೇಲಿಂದ ಆ ಕಂದು ಚಂದ್ರನನ್ನು ನೋಡಿದೆ.

ಎರಡು ತಿಂಗಳ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದ ಪೆದ್ದಮ್ಮ ಏಳಲಿಲ್ಲ. ಅದಾದ ಮೂರು ವಾರಕ್ಕೆ ನನ್ನ ಮಗಳು ಹುಟ್ಟಿದಳು. ನರ್ಸು ಮಗುವನ್ನು ತಂದು ತೋರಿಸಿದಾಗ ನಾನು ಮೊದಲು ನೋಡಿದ್ದು ಅವಳ ತುಟಿಯನ್ನೇ. ಚೆನ್ನಾಗಿತ್ತು. ಹಾಗೆ ನೋಡಿದೆನೆಂದು ಗಂಡನಿಗೂ ಹೇಳಿಲ್ಲ, ಅಮ್ಮನಿಗಂತೂ ಹೇಳಲಾರೆ. ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದಾಗಿದ್ದುದು ಪೆದ್ದಮ್ಮನ ಹತ್ತಿರ ಮಾತ್ರ.