ಮೂರು ಗಂಟೆ ಮುಂದೆ ಓಡಿದ ಗಡಿಯಾರ

ಕಡಲಾಚೆಯ ಮರಳುನಾಡಿನಲ್ಲಿ ಕನ್ನಡಿಗರೇ ನಡೆಸುತ್ತಿದ್ದ ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಮಿನಿಟಕ್ಕ. ಊರಲ್ಲಿ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಟಿಕ್ ಟಿಕ್ ಕೇಳುತ್ತಲೇ ಪಾಠ ಓದಿ ದೊಡ್ಡವಳಾದಳು. ಎಡಗೈಯಲ್ಲಿ ಈಗಲೂ ಅಪ್ಪನದೇ ಕೀಲಿ ಕೊಡುವ ವಾಚು. "ಒಂದೇ ನಿಮಿಷ, ಬಂದೆ" ಅಂತ ಯಾರಾದರೂ ಬಾಯಿಮಾತಿಗೆ ಅಂದರೂ ಸಾಕು, ಅವಳ ಕಣ್ಣು ಮಣಿಕಟ್ಟಿಗೆ ಹೋಗುತ್ತಿತ್ತು.

ಹದಿನೆಂಟು ವರ್ಷದಿಂದ ಅವಳ ಕೆಲಸ ರಕ್ತ ಕೂಡಿಡುವ ಕೋಣೆಯಲ್ಲಿ. ಒಂದು ದೊಡ್ಡ ಫ್ರಿಜ್, ಒಂದು ಮೇಜು, ಒಂದು ಕಂಪ್ಯೂಟರ್. ಆ ಕಂಪ್ಯೂಟರಿಗೆ ಎರಡು ಬುದ್ಧಿ. ವಿಂಡೋಸ್‌ನಲ್ಲಿ ಶುರುಮಾಡಿದರೆ ಚೀಲಕ್ಕೆ ಅಂಟಿಸುವ ಚೀಟಿ ಅಚ್ಚಾಗುತ್ತದೆ. ಪರೀಕ್ಷೆಯ ಯಂತ್ರ ಓಡಬೇಕಾದರೆ ಅದನ್ನು ಮುಚ್ಚಿ ಲಿನಕ್ಸ್‌ನಲ್ಲಿ ಎಬ್ಬಿಸಬೇಕು. ಯಾವುದರಲ್ಲಿ ಬರೆದರೂ ರಿಜಿಸ್ಟರು ಒಂದೇ. ಹೀಗೆ ಅದಲುಬದಲು ಮಾಡಿದಾಗಲೆಲ್ಲ ಗಡಿಯಾರ ಮೂರು ಗಂಟೆ ಮುಂದಕ್ಕೋ ಹಿಂದಕ್ಕೋ ನೆಗೆಯುತ್ತಿತ್ತು. ಯಾಕೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತವರು ಕನ್ನಡಕ ಒರೆಸಿಕೊಂಡ ಹಾಗೆ ಗೋಡೆ ನೋಡಿ ಗಂಟೆ ತಿದ್ದಿ, ಕೆಲಸ ಮುಗಿಸಿ ಎದ್ದುಹೋಗುತ್ತಿದ್ದರು. ನಿಮಿಷಕ್ಕೆ ಜೀವ ಬಿಡುವ ಮಿನಿಟಕ್ಕನೂ ತಿದ್ದಿದವಳೇ.

ಆ ದಿನ ಮಧ್ಯಾಹ್ನದ ಪಾಳಿಗೆ ಅವಳು ಬಂದು ಒಂದು ಗಂಟೆ ಆಗಿತ್ತೋ ಇಲ್ಲವೋ, ಹೆರಿಗೆ ವಾರ್ಡಿನಿಂದ ಫೋನು. ಮಗು ಹುಟ್ಟಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಅವಳ ಗುಂಪು ಅಪರೂಪದ್ದು. ಫ್ರಿಜ್ಜಿನಲ್ಲಿ ಇದ್ದದ್ದು ಒಂದೇ ಚೀಲ. ಇನ್ನೊಂದು ಊರಿನಿಂದ ತರಿಸಬೇಕಾದರೆ ಎರಡು ಗಂಟೆ ಬೇಕು.

ಮಿನಿಟಕ್ಕ ಚೀಲದ ಮಾದರಿ ತೆಗೆದು ತಾಯಿಯ ರಕ್ತದ ಜೊತೆ ಹೊಂದಿಕೆ ನೋಡಿದಳು. ಸರಿಯಿತ್ತು. ಚೀಲದ ನಂಬರು ಒತ್ತಿದ್ದೇ ಪರದೆ ಕೆಂಪಾಯಿತು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಚೀಲ ಹೊರಗೆ, ಹನ್ನೆರಡು ಇಪ್ಪತ್ತಕ್ಕೆ ವಾಪಸ್ ಒಳಗೆ. ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದ ಚೀಲವನ್ನು ಬಿಸಾಡಬೇಕೆಂಬುದು ಆ ಕೋಣೆಯ ಮೊದಲ ಪಾಠ.

ಬೆಳಗಿನ ಪಾಳಿ ಕೊಕ್ಕರೆಯಣ್ಣನದು. ಕೊಕ್ಕರೆಯ ಹಾಗೆ ಉದ್ದ ಕಾಲಿನವನು, ಕೆಲಸದಲ್ಲಿ ಅಚ್ಚುಕಟ್ಟು. ಫೋನು ಹಚ್ಚಿದರೆ ಸ್ವಿಚ್ ಆಫ್. ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ.

ಅಷ್ಟರಲ್ಲಿ ಡಾಕ್ಟರಮ್ಮನೇ ಓಡಿ ಬಂದರು. ಏಪ್ರನ್ನಿನ ಮೇಲೆ ರಕ್ತ.

"ಎಲ್ಲಿ ಚೀಲ?"

ಮಿನಿಟಕ್ಕ ಪರದೆ ತೋರಿಸಿದಳು. ಡಾಕ್ಟರಮ್ಮನ ಮುಖ ಸುಣ್ಣದ ಹಾಗಾಯಿತು.

"ಮೂರು ಗಂಟೆ ಹೊರಗಿತ್ತಾ?"

"ಇಲ್ಲ ಅನ್ಸುತ್ತೆ ಮೇಡಂ. ಗಂಟೆ ತಪ್ಪಿರಬೇಕು. ಇದು ಆಗಾಗ ನೆಗೆಯುತ್ತೆ, ನಾವು ತಿದ್ತೀವಿ."

"ತಿದ್ತೀರಾ? ಯಾರು?"

"ಎಲ್ಲರೂ. ನಾನೂ."

"ಅನ್ಸುತ್ತೆ, ಇರಬೇಕು ಅಂದ್ಕೊಂಡು ನಾನು ರಕ್ತ ಏರಿಸ್ಲಾ? ಅಲ್ಲಿ ಅವಳ ಕೈ ತಣ್ಣಗಾಗ್ತಿದೆ ಕಣ್ರೀ!"

ಕೆಟ್ಟ ರಕ್ತ ಕೊಟ್ಟರೆ ಕೈಯಾರೆ ಕೊಂದ ಹಾಗೆ. ಒಳ್ಳೆಯದನ್ನು ಬಿಸಾಡಿದರೂ ಕೊಂದ ಹಾಗೇ.  ಮಿನಿಟಕ್ಕನ ಕಣ್ಣು ಅಭ್ಯಾಸಬಲದಿಂದ ವಾಚಿಗೆ ಹೋಯಿತು, ಮೂರು ಹತ್ತು. ವಾಚಿನ ಮುಳ್ಳು ನೋಡುತ್ತಲೇ ಅವಳಿಗೆ ಇನ್ನೊಂದು ಮುಳ್ಳು ನೆನಪಾಯಿತು. ಒಂದೇ ನೆಗೆತಕ್ಕೆ ಫ್ರಿಜ್ಜಿನ ಹತ್ತಿರ ಹೋದಳು.

ಫ್ರಿಜ್ಜಿನ ನೆತ್ತಿಯಲ್ಲಿ ಗಾಜಿನ ಹಿಂದೆ ಗಂಟೆಯ ಗುರುತುಳ್ಳ ಒಂದು ಕಾಗದದ ಬಿಲ್ಲೆ, ದಿನಕ್ಕೊಂದು ಸುತ್ತು ತಿರುಗುತ್ತದೆ. ಅದರ ಮೇಲೆ ಮುಳ್ಳಿನಂಥ ಒಂದು ಪೆನ್ನು ಒಳಗಿನ ತಂಪನ್ನು ಗೆರೆಯಾಗಿ ಬರೆಯುತ್ತ ಹೋಗುತ್ತದೆ. ಬಾಗಿಲು ತೆಗೆದರೆ ಬೆಚ್ಚಗಿನ ಗಾಳಿ ನುಗ್ಗಿ ಗೆರೆ ಸಣ್ಣಗೆ ಮೇಲೇಳುತ್ತದೆ. ಕಂಪ್ಯೂಟರಿಗೂ ಇದಕ್ಕೂ ಸಂಬಂಧವೇ ಇಲ್ಲ, ಇದರದು ಬೇರೆಯೇ ಯಂತ್ರ.

"ಇಲ್ಲಿ ನೋಡಿ ಮೇಡಂ. ಒಂಬತ್ತು ಹತ್ತು, ಗೆರೆ ಎದ್ದಿದೆ. ಚೀಲ ತೆಗೆದದ್ದು. ಒಂಬತ್ತು ಇಪ್ಪತ್ತು, ಮತ್ತೆ ಎದ್ದಿದೆ."

"ಹನ್ನೆರಡು ಇಪ್ಪತ್ತಕ್ಕೆ?"

"ಏನೂ ಇಲ್ಲ. ಗೆರೆ ಅಲುಗಿಲ್ಲ. ಬಾಗಿಲೇ ತೆಗೀದೆ ಚೀಲ ಒಳಗೆ ಹೋಗುತ್ತಾ?"

"ಈ ಬಿಲ್ಲೆ ಗಂಟೆ ಸರಿಯಿದೆ ಅಂತ ಹೇಗೆ ಹೇಳ್ತೀರಿ? ಇದನ್ನೂ ಯಾರಾದ್ರೂ ತಿದ್ದಿದ್ರೆ?"

"ಇದನ್ನು ಯಾರೂ ಮುಟ್ಟಲ್ಲ ಮೇಡಂ. ಕೊನೇದು ನೋಡಿ, ಮೂರು ಗಂಟೆ. ಮಾದರಿಗೆ ನಾನೇ ಬಾಗಿಲು ತೆಗೆದದ್ದು. ಆಗ ನನ್ನ ವಾಚಲ್ಲೂ ಮೂರೇ."

ಡಾಕ್ಟರಮ್ಮ ಬಗ್ಗಿ ಒಂಬತ್ತು ಇಪ್ಪತ್ತರಿಂದ ಮೂರರವರೆಗೂ ಗೆರೆಯ ಮೇಲೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ.

"ಬರೆದು ಸಹಿ ಹಾಕಿ. ಕೆಳಗೆ ನಾನೂ ಹಾಕ್ತೀನಿ."

ಮಿನಿಟಕ್ಕ ಬರೆದಳು. ಇಬ್ಬರ ಸಹಿಯೂ ಬಿತ್ತು. ಡಾಕ್ಟರಮ್ಮ ಚೀಲ ಹಿಡಿದು ಓಡಿದರು.

ಆಮೇಲಿನ ಮುಕ್ಕಾಲು ಗಂಟೆ ಅವಳು ಕೂರಲಿಲ್ಲ. ಲೆಕ್ಕ ತಪ್ಪಿಲ್ಲ ಅಂತ ಗೊತ್ತು, ಆದರೂ ಬಿಲ್ಲೆಯ ಗೆರೆಯನ್ನು ಮತ್ತೆ ಮತ್ತೆ ನೋಡಿದಳು. ಕೊನೆಗೆ ಫೋನು ಹೊಡೆದುಕೊಂಡಿತು. ಎತ್ತಿದರೆ ಕೊಕ್ಕರೆಯಣ್ಣ, ಬಾಯಿ ತುಂಬ ಹತ್ತಿ. ಬೆಳಿಗ್ಗೆ ಆ ಚೀಲ ಯಾಕೆ ಹೊರಗೆ ಹೋಗಿತ್ತು ಅಂತ ಕೇಳಿದಳು.

"ಆಪರೇಷನ್ನು... ಮುಂದಕ್ಕೆ ಹೋಯ್ತು... ಬಾಗಿಲಿಂದಲೇ ವಾಪಸ್... ಹತ್ತೇ ನಿಮಿಷ..."

"ನಡುವೆ ಕಂಪ್ಯೂಟರನ್ನ ಲಿನಕ್ಸ್‌ಗೆ ಬದಲಿಸಿದ್ರಲ್ಲ, ಗಂಟೆ ತಿದ್ದಿದ್ರಾ?"

"ಹಲ್ಲು ನೋವು ಕಣಮ್ಮ... ಮರೆತೆ..."

"ಸರಿ ಅಣ್ಣ, ಫೋನಿಡಿ. ವಾರ್ಡಿನವರು ಮಾಡ್ತಾರೆ."

ಇಟ್ಟ ಕೈ ತೆಗೆಯುವ ಮೊದಲೇ ಮತ್ತೆ ಹೊಡೆದುಕೊಂಡಿತು. ಡಾಕ್ಟರಮ್ಮನ ದನಿ. "ರಕ್ತ ನಿಂತಿದೆ. ಕಣ್ಣು ಬಿಟ್ಟು ಮಗು ಎಲ್ಲಿ ಅಂದಳು." ಮಿನಿಟಕ್ಕ ಆಗ ಕೂತಳು.

ಸಂಜೆಗೆ ಕಂಪ್ಯೂಟರಿನವನನ್ನು ಕರೆಸಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಳು. ಅವನು ಬಿಡಿಸಿ ಹೇಳಿದ. ಪೆಟ್ಟಿಗೆಯೊಳಗಿನ ಗಡಿಯಾರ ಒಂದೇ. ಅದರಲ್ಲಿರುವುದು ಇಲ್ಲಿಯ ಗಂಟೆ ಅಂತ ವಿಂಡೋಸ್ ತಿಳಿಯುತ್ತದೆ. ಜಗತ್ತಿಗೆಲ್ಲ ಒಂದೇ ಆದ ಗಂಟೆ ಅಂತ ಲಿನಕ್ಸ್ ತಿಳಿದು, ಇಲ್ಲಿಗೆ ಸರಿಹೊಂದಿಸಲು ಮೂರು ಗಂಟೆ ಕೂಡಿಸುತ್ತದೆ.

"ಅಂದ್ರೆ ಒಂದರಲ್ಲಿ ತಿದ್ದಿದಾಗೆಲ್ಲ ಇನ್ನೊಂದನ್ನ ಕೆಡಿಸ್ತಿದ್ವಿ."

"ಹೌದಕ್ಕ. ಗಡಿಯಾರ ಕೆಟ್ಟೇ ಇರಲಿಲ್ಲ."

ಪೆಟ್ಟಿಗೆಯಲ್ಲಿ ಜಗತ್ತಿನ ಗಂಟೆಯೇ ಇರಲಿ, ಎರಡೂ ಹಾಗೆಂದೇ ತಿಳಿಯಲಿ ಎಂದು ಅವನು ವಿಂಡೋಸ್‌ಗೂ ಹೇಳಿಕೊಟ್ಟ. ಆಸ್ಪತ್ರೆಯ ದೊಡ್ಡ ಕಂಪ್ಯೂಟರನ್ನು ಕೇಳಿ ತಾವೇ ಗಂಟೆ ಸರಿಮಾಡಿಕೊಳ್ಳುವ ಹಾಗೂ ಮಾಡಿದ. ಮಿನಿಟಕ್ಕ ಅವನನ್ನು ಸುಮ್ಮನೆ ಬಿಡಲಿಲ್ಲ, ಆರು ಸಲ ಅದಲುಬದಲು ಮಾಡಿಸಿ ಆರು ಸಲವೂ ವಾಚು ನೋಡಿದಳು.

ಮರುದಿನ ಬೆಳಗಿನ ಹೊತ್ತಿಗೆ ಕೆನ್ನೆ ಊದಿಸಿಕೊಂಡ ಕೊಕ್ಕರೆಯಣ್ಣ ಬಂದು ಕೂತ. ಕೂತವನ ಕೈ ತನ್ನಷ್ಟಕ್ಕೆ ಪರದೆಯ ಮೂಲೆಯ ಗಡಿಯಾರದ ಕಡೆ ಹೋಯಿತು. ಇದಕ್ಕೆಂದೇ ಪಾಳಿಗೆ ಮುಂಚೆ ಬಂದು ಹಿಂದೆ ನಿಂತಿದ್ದ ಮಿನಿಟಕ್ಕ ಫೈಲಿನಿಂದ ಮಣಿಕಟ್ಟಿಗೆ ಪಟ್ಟೆಂದು ಹೊಡೆದಳು.

"ಅಣ್ಣ, ಅದನ್ನ ಮುಟ್ಟಿದ್ರೋ, ಪಕ್ಕದ ಹಲ್ಲನ್ನ ನಾನೇ ಕೀಳ್ತೀನಿ."