ಮೂರೂವರೆ ಅಡಿಯ ಗೆರೆ

“ಅಮ್ಮಾ, ನಾನು ದೊಡ್ಡೋಳಾಗೋದು ಅಳತೆಯಮ್ಮಂಗೆ ಇಷ್ಟ ಇಲ್ವಾ?”

ಶನಿವಾರ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಮಗಳು ಹೀಗೆ ಕೇಳಿದಾಗ ತಾಯಿ ಆ ಚಪ್ಪಲಿಯನ್ನು ಇಸಿದುಕೊಂಡು ಅವಳ ಕಾಲಿಗೆ ತೊಡಿಸಿದಳು. ಐದು ವರ್ಷದ ಹುಡುಗಿಯ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಊರಿಗೆ ಊರೇ ಹಾಲು ಕುಡಿ, ಬೇಗ ಬೆಳಿ ಎನ್ನುವಾಗ ಕೆಳಗಿನ ಮನೆಯ ಅಳತೆಯಮ್ಮ ಮಾತ್ರ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು, ಇನ್ನೆರಡೇ ಬೆರಳು ಬಾಕಿ, ಅವಸರ ಮಾಡಬೇಡ ಪುಟ್ಟಿ, ಎನ್ನುತ್ತಿದ್ದರು.

ಅಳತೆಯಮ್ಮನಿಗೆ ಆ ಹೆಸರು ಬಂದದ್ದು ಕೆಲಸದಿಂದ. ರಸ್ತೆಯಾಚೆಯ ಮನರಂಜನಾ ಪಾರ್ಕಿನ ಗೇಟಿನಲ್ಲಿ ಹದಿನೆಂಟು ವರ್ಷದಿಂದ ಮಕ್ಕಳ ಎತ್ತರ ನೋಡುತ್ತಿದ್ದವರು ಅವರೇ. ಗೇಟಿನ ಪಕ್ಕ ಒಂದು ಮರದ ಕಂಬ, ಅದರ ಮೇಲೆ ಮೂರೂವರೆ ಅಡಿಗೆ ಕೆಂಪು ಗೆರೆ. ಗೆರೆಯ ಕೆಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದಾಟಿದರೆ ದೊಡ್ಡವರಷ್ಟೇ ಪೂರ್ತಿ ಟಿಕೆಟ್. ಅಳತೆಯಮ್ಮನ ಕೆಲಸಕ್ಕೆ ಅವರದೇ ಒಂದು ಕ್ರಮವಿತ್ತು. ಮೊದಲು ಮಗುವಿನ ಜುಟ್ಟನ್ನು ಅಂಗೈಯಿಂದ ಅದುಮಿ, ಕೂದಲಿಗೆ ಟಿಕೆಟ್ ಇಲ್ಲ ಎನ್ನುವರು. ಆಮೇಲೆ ನೆತ್ತಿಯನ್ನಷ್ಟೇ ನೋಡುವರು. ಅವರ ಕಣ್ಣು ಮಂಡಿಯವರೆಗೆ ಎಂದೂ ಇಳಿದದ್ದಿಲ್ಲ. ಬೀದಿಯ ತಾಯಂದಿರಿಗೆಲ್ಲ ಇದು ಚೆನ್ನಾಗಿ ಗೊತ್ತಿತ್ತು. ಮಂಡಿ ಮಡಚಿಕೊಂಡ ಮಕ್ಕಳು ಬಾತುಕೋಳಿಗಳ ಹಾಗೆ ಗೇಟು ದಾಟುವಾಗ ಅಳತೆಯಮ್ಮ ಆಕಾಶ ನೋಡುತ್ತ, ಮೋಡ ಆಗಿದೆಯಲ್ಲ ಎನ್ನುತ್ತಿದ್ದರು. ನಿಜಕ್ಕೂ ಗೆರೆ ದಾಟಿ ಬೆಳೆದ ಮಗು ಬಂದರೆ ಕೈ ಕುಲುಕಿ, ಗೇಟಿನ ಗಂಟೆಯನ್ನು ಮೂರು ಸಲ ಬಾರಿಸಲು ಬಿಡುತ್ತಿದ್ದರು.

ಕಳೆದ ಎರಡು ವರ್ಷದಲ್ಲಿ ಮೂರು ಸಲ ಟಿಕೆಟ್ ಏರಿತು. ಊರಿನವರಿಗೆಂದು ಬುಧವಾರ ಕೊಡುತ್ತಿದ್ದ ಅರ್ಧ ಟಿಕೆಟ್ ನಿಂತುಹೋಯಿತು. ಮನೆಯ ಊಟದ ಡಬ್ಬಿಗೂ ತಡೆ ಬಿತ್ತು. ದೂರದ ಬಸ್ಸುಗಳು ಬರುತ್ತಲೇ ಇದ್ದವು. ಪಾರ್ಕಿನ ಬೇಲಿಯ ಎದುರಿಗೇ ಇದ್ದ ಈ ಬೀದಿಯವರು ಮಾತ್ರ ಒಳಗೆ ಕಾಲಿಡುವುದು ತಪ್ಪಿತು. ತಾರಸಿಯ ಮೇಲೆ ನಿಂತ ಮಕ್ಕಳು ಬರೀ ಕಿರುಚಾಟ ಕೇಳಿಯೇ ಇದು ದೋಣಿ ಉಯ್ಯಾಲೆ, ಇದು ನೀರಿನ ಜಾರುಬಂಡೆ ಎಂದು ಹೇಳುವಷ್ಟು ಪಳಗಿದರು. ಕಿವಿಗೆ ಟಿಕೆಟ್ ಹಾಕೋದು ಪಾರ್ಕಿನವರಿಗೆ ಇನ್ನೂ ಹೊಳೆದಿಲ್ಲ ಎಂದು ಅಳತೆಯಮ್ಮ ನಗಿಸಿದರು. ಅವರ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಆಮೇಲೆ ಒಂದು ದಿನ ಮ್ಯಾನೇಜರ್ ಪೇಂಟಿನ ಡಬ್ಬಿಯನ್ನೂ ಬ್ರಷ್ಷನ್ನೂ ಅವರ ಮುಂದಿಟ್ಟ. ಗೆರೆಯನ್ನು ಮೂರು ಅಡಿಗೆ ಇಳಿಸಬೇಕಂತೆ.

“ಮಕ್ಕಳು ಬೆಳೆದು ಗೆರೆ ಮುಟ್ಟೋದನ್ನ ನೋಡಿದೀನಿ ಸಾರ್. ಗೆರೆನೇ ಇಳಿದು ಬಂದು ಮಕ್ಕಳನ್ನ ಹಿಡ್ಕೊಳೋದು ಎಲ್ಲೂ ನೋಡಿಲ್ಲ,” ಎಂದು ಅಳತೆಯಮ್ಮ ಡಬ್ಬಿಯನ್ನು ಅವನ ಕಡೆಗೇ ತಳ್ಳಿದರು. ಮರುದಿನ ಮಾಲಿಯ ಕೈಯಲ್ಲಿ ಗೆರೆ ಇಳಿಯಿತು.

ಆ ಭಾನುವಾರ ಬೀದಿಯ ಇಸ್ತ್ರಿ ಅಂಗಡಿಯವನು ಹೆಂಡತಿ, ಮಗಳೊಂದಿಗೆ ಗೇಟಿಗೆ ಬಂದ. ಎಷ್ಟೋ ಭಾನುವಾರ ಅಂಗಡಿ ಮುಚ್ಚದೆ ದುಡಿದು ಕೂಡಿಟ್ಟಿದ್ದು ಎರಡು ಟಿಕೆಟ್ಟಿಗಷ್ಟೇ. ಮಗಳಿಗೆ ತಾಯಿ ವಾರವಿಡೀ ಮನೆಯಲ್ಲಿ ಪಾಠ ಮಾಡಿದ್ದಳು: ಗೇಟಿನಲ್ಲಿ ಮಂಡಿ ಬಗ್ಗಿಸು, ದೋಣಿ ಉಯ್ಯಾಲೆಯ ಹತ್ತಿರ ತುದಿಗಾಲಲ್ಲಿ ನಿಲ್ಲು, ಅಲ್ಲಿ ಕುಳ್ಳರನ್ನು ಹತ್ತಿಸುವುದಿಲ್ಲ. ನೂಕುನುಗ್ಗಲಿನಲ್ಲಿ ಹುಡುಗಿಗೆ ಪಾಠ ಹಿಂದುಮುಂದಾಯಿತು. ಕಂಬ ಕಂಡದ್ದೇ ಉಸಿರು ಬಿಗಿಹಿಡಿದು, ಗಲ್ಲ ಎತ್ತಿ, ತುದಿಗಾಲಲ್ಲಿ ನಿಂತೇಬಿಟ್ಟಳು. ಪಕ್ಕದಲ್ಲೇ ಕಾವಲಿದ್ದ ಸೂಪರ್‌ವೈಸರ್ ಪೂರ್ತಿ ಟಿಕೆಟ್ ಎಂದ. ಜೇಬಿಗೆ ಹೋದ ತಂದೆಯ ಕೈ ಅಲ್ಲೇ ಉಳಿಯಿತು. ಇನ್ನೊಂದಿನ ಬರೋಣ ಎಂದು ಅವನು ತಿರುಗಿದ. “ನಾನು ಸರಿಯಾಗೇ ನಿಂತಿದ್ದೆ ಅಪ್ಪಾ,” ಎಂದು ಹುಡುಗಿ ಅಳತೊಡಗಿದಳು.

ಅಳತೆಯಮ್ಮ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ತಮ್ಮ ಸಮವಸ್ತ್ರದ ಮೂರನೆಯ ಗುಂಡಿಯ ಮಟ್ಟಕ್ಕೆ ತೋಳನ್ನು ನೇರ ಚಾಚಿದರು. ಹಳೆಯ ಗೆರೆ ಅಷ್ಟೇ ಎತ್ತರಕ್ಕಿತ್ತೆಂದು ಕಂಬ ಮರೆತರೂ ಅವರ ಕೈ ಮರೆತಿರಲಿಲ್ಲ.

“ಹಿಮ್ಮಡಿ ಇಳಿಸು ಪುಟ್ಟಿ. ಇದರ ಕೆಳಗೆ ನಡಿ.”

ಹುಡುಗಿ ನಡೆದಳು. ತೋಳು ಕೂದಲಿಗೂ ತಾಗಲಿಲ್ಲ. ಅವಳ ಹಿಂದೆ ಸಾಲಿನಲ್ಲಿದ್ದ ಇನ್ನೊಂದು ಮಗು, ಅದರ ಹಿಂದೆ ಮತ್ತೊಂದು. ಸೂಪರ್‌ವೈಸರ್ ಕೂಗಾಡಿ ಗಂಟಲು ಒಣಗಿಸಿಕೊಂಡ. ಬಲಗೈ ಸೋತಾಗ ಅಳತೆಯಮ್ಮ ಎಡಗೈ ಚಾಚಿದರು. ಪಾರ್ಕು ಮುಚ್ಚುವವರೆಗೂ ಗೆರೆ ಅವರ ತೋಳಿನಲ್ಲೇ ಇತ್ತು.

ಸೋಮವಾರ ಮ್ಯಾನೇಜರ್ ಒಂದು ಕಾಗದ ಕೊಟ್ಟ. ತಪ್ಪಾಯಿತೆಂದು ಸಹಿ ಹಾಕಿ ಬರುವ ಭಾನುವಾರ ಕೊಡದಿದ್ದರೆ ಅಂದೇ ಕೆಲಸದ ಕೊನೆಯ ದಿನ. ಅಳತೆಯಮ್ಮ ಅದನ್ನು ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಕಂಬದ ಬುಡಕ್ಕೆ ತುರುಕಿ ಮನೆಗೆ ಬಂದರು. ಮನೆಯಲ್ಲಿ ಬೆನ್ನು ಕೆಟ್ಟು ಹಾಸಿಗೆ ಹಿಡಿದ ಗಂಡ. ಬರುವ ಸಂಬಳ ಒಂದೇ. ಬೇರೆಯವರ ಮಕ್ಕಳಿಗೆ ದಿನವಿಡೀ ಕೈ ಚಾಚಿದವಳು ನನ್ನ ಬೆನ್ನು ಒಂದು ದಿನವೂ ಅಷ್ಟು ಹೊತ್ತು ಒತ್ತಿದ್ದಿಲ್ಲ ಎಂದು ಗಂಡ ಹಂಗಿಸಿದರು. ಆಮೇಲೆ ಅವರೇ, “ಸಹಿ ಮಾತ್ರ ಹಾಕ್ಬೇಡ,” ಎಂದರು.

ಹೀಗೆ, ಮಗಳು ಬೆಳಿಗ್ಗೆ ಆ ಪ್ರಶ್ನೆ ಕೇಳಿದ ಶನಿವಾರವೇ ಸಂಜೆ ಅಳತೆಯಮ್ಮ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬಂದಾಗ, ತಾಯಿ ಅಡುಗೆಮನೆಯ ಬಾಗಿಲಿಗೆ ಮಗಳನ್ನು ಒರಗಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. ಕೂರಿ ಎಂದರೂ ಅವರು ಕೂರಲಿಲ್ಲ. ಗುರುತಿನ ಮೇಲೆ ಬೆರಳಾಡಿಸಿದರು.

“ಅಕ್ಕಾ, ನಾಳೆ ಕೆಲಸ ಹೋದ್ರೆ?” ಎಂದು ತಾಯಿ ಕೇಳಿದಳು.

“ಹೋಗ್ಲಿ ಬಿಡು. ಬಾಯಿ ಮುಚ್ಕೊಂಡಂತೂ ಹೋಗಲ್ಲ.” ಅವರು ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟರು. “ನಂಗೊಂದು ಉಪಕಾರ ಮಾಡು. ನಾಳೆ ಹತ್ತು ಗಂಟೆಗೆ ಇವಳನ್ನ ಗೇಟ್ ಹತ್ರ ಕರ್ಕೊಂಡು ಬಾ. ಬೀದಿಯ ತಾಯಂದ್ರಿಗೆಲ್ಲ ಹೇಳು, ನಿನ್ನ ಮಾತು ಕೇಳ್ತಾರೆ. ಒಳಗೆ ಹೋಗೋದು ಬೇಡ, ಬರೀ ಅಳತೆ ಕೊಡ್ಲಿ. ಒಂದು ಮಗುನೂ ಮಂಡಿ ಬಗ್ಗಿಸ್ಬಾರ್ದು, ನೆಟ್ಟಗೆ ನಿಲ್ಲೋಕೆ ಹೇಳ್ಕೊಡು. ಇಷ್ಟು ವರ್ಷ ಬೆಳೆದಿದ್ದನ್ನ ನೋಡಿಯೂ ನೋಡದ ಹಾಗಿದ್ದೆ. ಯಾರ್‍ಯಾರು ಎಷ್ಟೆಷ್ಟು ಬೆಳೆದಿದಾರೆ ಅಂತ ನಾಳೆ ನಾನು ಗಟ್ಟಿಯಾಗಿ ಕೂಗಿ ಹೇಳ್ಬೇಕು.”